ಭಾಷಣದಕ್ಕ ನೋಡದೆ ಒತ್ತಿದ ಗುಂಡಿ

ಭಾಷಣದಕ್ಕನ ಕಾರಿನಲ್ಲಿ ಹಾಡು ಕೇಳಿದವರು ಯಾರೂ ಇಲ್ಲ. ಅದು ಎರಡು ಕೈ ದಾಟಿ ಬಂದ ಸಣ್ಣ ಕಾರು. ಹಿಂದಿನ ಸೀಟಿನ ತುಂಬ ಗಾಳಿ ಹಾಸಿಗೆಯ ಪಂಪು, ಬೆಡ್‌ಪ್ಯಾನು, ಕೈಗವಸಿನ ಡಬ್ಬಿಗಳು, ಮಡಿಚಿಟ್ಟ ವಾಕರು. ಸ್ಟೀರಿಂಗಿನ ಪಕ್ಕಕ್ಕೆ ಸಿಕ್ಕಿಸಿದ ಫೋನಿನಿಂದ ಯಾವುದೋ ವಿಶ್ವವಿದ್ಯಾಲಯದ ಸಭಾಂಗಣದ ಕೆಮ್ಮು, ಕುರ್ಚಿ ಎಳೆಯುವ ಸದ್ದು, ಆಮೇಲೆ ಗಂಟಲು ಸರಿಮಾಡಿಕೊಂಡು ಯಾರೋ ಮಾತು ಶುರು ಮಾಡುವುದು ಕೇಳುತ್ತದೆ. ತಂತ್ರಜ್ಞಾನಕ್ಕೆ ಮೂಗುದಾರ ಹಾಕಬೇಕಾದವರು ಯಾರು, ಯಂತ್ರ ತಪ್ಪು ಮಾಡಿದರೆ ಉತ್ತರ ಕೊಡಬೇಕಾದವರು ಯಾರು, ಅದರಿಂದ ಸಮಾಜದಲ್ಲಿ ಯಾರ ಕೈ ಮೇಲಾಗುತ್ತದೆ, ಯಾರದ್ದು ಕೆಳಗಾಗುತ್ತದೆ, ಇಂಥವೇ ವಿಷಯ. ಕಾರು ಹೋದಷ್ಟು ದೂರ ಉಪನ್ಯಾಸ.

ಅವಳ ಕೆಲಸ ರೋಗಿಗಳ ಮನೆಗೆ ಹೋಂ ನರ್ಸುಗಳನ್ನು ಕಳಿಸುವ ಒಂದು ಸಂಸ್ಥೆಯಲ್ಲಿ ಸೂಪರ್‌ವೈಸರಿನದು. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಮನೆ ಮನೆ ತಿರುಗಿ, ಯಾವ ಮುದುಕನ ಬೆನ್ನು ಕೆಂಪಾಗಿದೆ, ಯಾವ ಮುದುಕಿಯ ಮೂಗಿನ ನಳಿಕೆ ಬದಲಿಸಬೇಕು, ಯಾವ ಮನೆಯವರು ಹೋಂ ನರ್ಸಿನಿಂದ ಪಾತ್ರೆ ತೊಳೆಸುತ್ತಿದ್ದಾರೆ ಎಂದು ನೋಡಿ ಬರುವುದು. ಐವತ್ತು ದಾಟಿದ ಹೆಂಗಸು. ಕುಳ್ಳಗೆ ಗಟ್ಟಿ ಮೈ, ಮಾತು ಚುರುಕು.

ಈ ಚಟ ಹತ್ತಿದ್ದು ಹಾಸಿಗೆ ಹುಣ್ಣಿನ ದೆಸೆಯಿಂದ. ಮಲಗಿದಲ್ಲೇ ಇರುವವರ ಬೆನ್ನಿಗೆ ಹುಣ್ಣಾಗದ ಹಾಗೆ ನೋಡಿಕೊಳ್ಳುವ ಬಗ್ಗೆ ಡಾಕ್ಟರೊಬ್ಬರು ಮಾತಾಡಿದ್ದನ್ನು ಒಂದು ದಿನ ಕಾರು ಓಡಿಸುತ್ತ ಕೇಳುತ್ತಿದ್ದಳು. ಅದು ಮುಗಿದದ್ದೇ ತಡ, ಫೋನು ತಾನಾಗಿ ಇನ್ನೊಂದು ಮಾತನ್ನು ಹಚ್ಚಿತು. ಮುದುಕರ ಆರೈಕೆಗೆ ಬಂದ ಯಂತ್ರಗಳ ಮೇಲೆ ಕಣ್ಣಿಡುವವರು ಯಾರು ಎಂಬ ವಿಷಯ. ಎದುರಿಗೆ ಲಾರಿಗಳ ಸಾಲು ಇದ್ದುದರಿಂದ ನಿಲ್ಲಿಸಲು ಆಗಲಿಲ್ಲ. ಅರ್ಧ ತಲೆಯ ಮೇಲಿಂದ ಹಾರಿಹೋಯಿತು. ಆದರೆ ಮಾತಾಡುತ್ತಿದ್ದಾಕೆ ಒಂದು ಪ್ರಶ್ನೆಗೆ ‘ಇದಕ್ಕೆ ನನ್ನ ಬಳಿ ಉತ್ತರವಿಲ್ಲ’ ಎಂದು ಹೇಳಿ ನೀರು ಕುಡಿದದ್ದು ಕೇಳಿಸಿತು. ಅಷ್ಟು ಓದಿದವರು ತುಂಬಿದ ಸಭೆಯಲ್ಲಿ ಗೊತ್ತಿಲ್ಲ ಅನ್ನುವುದನ್ನು ಅವಳು ಅದುವರೆಗೆ ಕೇಳಿರಲಿಲ್ಲ. ಹತ್ತನೆಯ ತರಗತಿಗೆ ಓದು ಬಿಟ್ಟವಳು. ಮರುದಿನ ಅಂಥದ್ದೇ ಇನ್ನೊಂದನ್ನು ತಾನೇ ಹುಡುಕಿ ಹಚ್ಚಿದಳು. ಕಬ್ಬಿಣದ ಕಡಲೆ ಅಗಿದು ಅಗಿದು ಹಲ್ಲಿಗೆ ಹಿಡಿತ ಸಿಕ್ಕಿತು.

ಗಂಡನಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕುವ ಕೆಲಸ. ಸಂಜೆ ಊಟಕ್ಕೆ ಕೂತರೆ ಅವನದು ಒಂದೇ ಪ್ರಶ್ನೆ.

“ಏನಂದ್ರು ಇವತ್ತು ನಿನ್ನ ಮೇಷ್ಟ್ರು?”

“ಲೆಕ್ಕ ಯಂತ್ರ ಮಾಡ್ಲಿ, ತೀರ್ಪು ಮನುಷ್ಯರೇ ಕೊಡ್ಬೇಕು ಅಂದ್ರು.”

“ಹಾಗಾದ್ರೆ ನಮ್ಮನೆ ವಾಷಿಂಗ್ ಮಷೀನಿಗೂ ಒಬ್ಬ ಜಡ್ಜ್‌ನ ಇಡು. ನನ್ನ ಅಂಗಿಗಳನ್ನೆಲ್ಲ ವಿಚಾರಣೆ ಇಲ್ಲದೆ ಗಲ್ಲಿಗೆ ಹಾಕ್ತಾ ಇದೆ.”

“ನಿಮಗೆ ಎಲ್ಲಾ ತಮಾಷೆ.”

“ತಮಾಷೆ ಅಲ್ಲ ಕಣೇ. ರಸ್ತೆ ನೋಡ್ಕೊಂಡು ಓಡಿಸು ಅಂತ ಹೇಳ್ತಾ ಇರೋದು. ಕಿವಿ ಕಾಲೇಜಲ್ಲಿ, ಕಾಲು ಬ್ರೇಕ್ ಮೇಲೆ ಅಂದ್ರೆ ಎಷ್ಟು ದಿನ ನಡೆಯತ್ತೆ?”

ಭಾಷಣದಕ್ಕ ಎಂದು ಹೆಸರಿಟ್ಟವರು ಹೋಂ ನರ್ಸುಗಳು. ಹಂಗಿಸುವುದಕ್ಕೆ ಇಟ್ಟ ಹೆಸರು ಮೆಚ್ಚುಗೆಯ ಹೆಸರಾದದ್ದು ತಿಂಗಳಿಗೊಮ್ಮೆ ಸೇರುವ ಸಭೆಯೊಂದರಲ್ಲಿ. ಸಂಸ್ಥೆಯವರು ಆಗಷ್ಟೇ ಎಲ್ಲ ಹೋಂ ನರ್ಸುಗಳ ಫೋನಿಗೂ ಒಂದು ಆ್ಯಪ್ ಹಾಕಿಸಿದ್ದರು. ಗಂಟೆಗೊಮ್ಮೆ ಅದು ಟಣಟಣ ಅನ್ನುತ್ತದೆ. ‘ಇದ್ದೇನೆ’ ಎಂದು ಒತ್ತಬೇಕು. ಫೋನು ರೋಗಿಯ ಮನೆ ಬಿಟ್ಟು ಆಚೆ ಹೋದರೆ ಹೋದ ಜಾಗವೆಲ್ಲ ನಕ್ಷೆಯಲ್ಲಿ ಗೆರೆಯಾಗಿ ಮೂಡುತ್ತದೆ. ಗೆರೆ ಉದ್ದವಾದರೆ ಆ ಹೆಂಗಸನ್ನು ಆ ಮನೆಯಿಂದ ತೆಗೆದು ಇನ್ನೊಬ್ಬಳನ್ನು ಕಳಿಸುವುದು ಯಂತ್ರದ್ದೇ ಕೆಲಸ. ಔಷಧಿ ಅಂಗಡಿಗೆ ಹೋಗಿ ಸಾಲಿನಲ್ಲಿ ನಿಂತವಳೊಬ್ಬಳು ವಾಪಸ್ ಬರುವಷ್ಟರಲ್ಲಿ ಬಾಗಿಲು ತೆಗೆದದ್ದು ಹೊಸಬಳು.

ಸಭೆಯಲ್ಲಿ ಎಲ್ಲರೂ ಗುಸುಗುಸು ಅನ್ನುತ್ತಿದ್ದಾಗ ಎದ್ದು ನಿಂತವಳು ಇವಳೊಬ್ಬಳೇ.

“ಸರ್, ಯಂತ್ರ ಹೇಳ್ಲಿ, ಬೇಡ ಅನ್ನಲ್ಲ. ಆದ್ರೆ ತೆಗೆಯೋ ಮುಂಚೆ ನಡುವೆ ಒಬ್ಬರು ಮನುಷ್ಯರು ಕೂತು ನೋಡ್ಬೇಕು. ಹೂಂ ಅಂತ ತಲೆ ಆಡಿಸೋ ಕೋಲೆ ಬಸವ ಅಲ್ಲ. ಕಣ್ಣಿರೋ ಮನುಷ್ಯರು.”

ಚಪ್ಪಾಳೆ ಬಿತ್ತು. ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡ. ಒಳ್ಳೆಯವನೇ, ಆದರೆ ಯಾರು ಯಾವ ಕೆಲಸದ ಮಾತೆತ್ತಿದರೂ ಅದನ್ನು ಅವರ ತಲೆಗೇ ಕಟ್ಟಿಬಿಡುವುದು ಅವನ ಪದ್ಧತಿ.

“ಬಹಳ ಒಳ್ಳೇ ಮಾತು ಮೇಡಂ. ಆ ಮನುಷ್ಯರು ನೀವೇ ಆಗಿ.”

ಮೊದಲ ಸಾಲಿನಲ್ಲಿ ಕೂತಿದ್ದ ದೊಡ್ಡಕ್ಕ ಹಿಂದಕ್ಕೆ ತಿರುಗಿ, “ನೋಡ್ರೇ, ಇವಳಿಗೆ ಕೆಲಸ ಕಲಿಸಿದ್ದು ನಾನು!” ಎಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು.

ಅದು ನಿಜ. ದೊಡ್ಡಕ್ಕ ಸಂಸ್ಥೆಯ ಅತಿ ಹಿರಿಯ ಹೋಂ ನರ್ಸು. ಮಾತಾಡಲಾರದವರಿಗೆ ನೋವಾಗುತ್ತಿದೆಯೋ ಇಲ್ಲವೋ ಎಂದು ಅವರ ಕಾಲಿನ ಬೆರಳು ನೋಡಿ ತಿಳಿಯಬೇಕು ಎಂದು ಭಾಷಣದಕ್ಕನಿಗೆ ತೋರಿಸಿಕೊಟ್ಟವಳು ಅವಳೇ. ಆಗ ಇಬ್ಬರೂ ಒಂದೇ ಮನೆಯಲ್ಲಿ ಹಗಲು ಪಾಳಿ, ರಾತ್ರಿ ಪಾಳಿ ಮಾಡುತ್ತಿದ್ದರು. ಶಿಷ್ಯೆ ಸೂಪರ್‌ವೈಸರಾದಳು. ಗುರು ಹಾಸಿಗೆಯ ಪಕ್ಕದ ಸ್ಟೂಲಿನಲ್ಲೇ ಉಳಿದಳು. ಅದರಿಂದ ಇಬ್ಬರ ನಡುವೆ ಏನೂ ಕೆಟ್ಟಿರಲಿಲ್ಲ.

ಮರುವಾರದಿಂದ ಯಂತ್ರದ ಸಲಹೆಗಳು ಭಾಷಣದಕ್ಕನ ಫೋನಿಗೆ ಬರತೊಡಗಿದವು. ಪರದೆಯ ಮೇಲೆ ಹೆಸರು, ಕೆಳಗೆ ಎರಡು ಗುಂಡಿ: ‘ಪರಿಶೀಲಿಸಿ’, ‘ಒಪ್ಪಿಗೆ’. ಮೊದಮೊದಲು ಅವಳು ಕಾರನ್ನು ಪಕ್ಕಕ್ಕೆ ಹಾಕಿ, ಕನ್ನಡಕ ಏರಿಸಿ, ನಕ್ಷೆ ತೆಗೆದು, ಆ ಹೆಂಗಸಿಗೆ ಫೋನು ಮಾಡಿ ವಿಚಾರಿಸುತ್ತಿದ್ದಳು. ಹೆಚ್ಚಿನವು ಸರಿಯಾಗಿಯೇ ಇರುತ್ತಿದ್ದವು. ಯಾರೋ ನಿಜವಾಗಿಯೂ ರೋಗಿಯನ್ನು ಬಿಟ್ಟು ಅಕ್ಕನ ಮನೆಗೆ ಹೋಗಿರುತ್ತಿದ್ದರು.

ತೊಂದರೆ ಬೇರೆ ಕಡೆ ಇತ್ತು. ಸಲಹೆ ಬಂದ ತಕ್ಷಣ ಉಪನ್ಯಾಸ ನಿಂತುಬಿಡುತ್ತಿತ್ತು. ‘ಪರಿಶೀಲಿಸಿ’ ಒತ್ತಿದರೆ ನಕ್ಷೆ ತೆರೆಯುತ್ತಿತ್ತು, ಮಾತು ಕಡಿಯುತ್ತಿತ್ತು, ಆಮೇಲೆ ಎಲ್ಲಿಗೆ ನಿಂತಿತ್ತು ಎಂದು ಹುಡುಕಬೇಕಾಗುತ್ತಿತ್ತು. ‘ಒಪ್ಪಿಗೆ’ ಒತ್ತಿದರೆ ನಿಂತ ವಾಕ್ಯ ನಿಂತಲ್ಲಿಂದಲೇ ಮುಂದುವರಿಯುತ್ತಿತ್ತು. ಬರೀ ಹೆಬ್ಬೆರಳಿನ ಕೆಲಸ. ರಸ್ತೆಯ ಮೇಲಿನ ಕಣ್ಣನ್ನೂ ತೆಗೆಯಬೇಕಿಲ್ಲ. ಯಾವ ದಿನ ಮೊದಲ ಸಲ ಹಾಗೆ ಒತ್ತಿದಳೋ ಅವಳಿಗೇ ನೆನಪಿಲ್ಲ. ಒತ್ತಿದ್ದೇ ಗೊತ್ತಾಗದಿರುವ ದಿನಗಳು ಅದರ ಹಿಂದೆಯೇ ಬಂದವು.

ಒಂದು ಭಾನುವಾರ ಬೆಳಿಗ್ಗೆ ದೊಡ್ಡಕ್ಕ ಅವಳ ಮನೆಗೆ ಬಂದಳು. ಚಪ್ಪಲಿ ಬಿಡುವಾಗ ಗೋಡೆ ಹಿಡಿದುಕೊಂಡಳು. ಒಳಗೆ ಬಂದು ಕುರ್ಚಿಯ ಅಂಚಿಗೆ ಕೂತಳು.

“ನನ್ನನ್ನ ಅಜ್ಜಿ ಮನೆಯಿಂದ ತೆಗೆದ್ರು ಕಣೇ.”

ಆ ಅಜ್ಜಿ ನಿವೃತ್ತ ಶಾಲಾ ಟೀಚರು. ಸೊಂಟದ ಮೂಳೆ ಮುರಿದು ಮಲಗಿದ್ದಳು. ತಲೆಯೂ ಸ್ಥಿಮಿತದಲ್ಲಿರಲಿಲ್ಲ. ಮಗ ಬೇರೆ ಊರಿನಲ್ಲಿ. ದೊಡ್ಡಕ್ಕ ಅಲ್ಲಿಗೆ ಹೋಗಿ ವರ್ಷಗಳಾಗಿದ್ದವು. ಅಜ್ಜಿ ಊಟ ಮಾಡುತ್ತಿದ್ದದ್ದು ಅವಳೊಬ್ಬಳ ಕೈಯಲ್ಲಿ.

“ಮನೆ ಬಿಟ್ಟು ಹೋಗಿದ್ದೆ ಅಂತೆ. ನಾನು! ಆ ಮನೆ ಮೆಟ್ಟಿಲು ಇಳಿದು ಎಷ್ಟು ದಿನ ಆಯ್ತು ಅಂತ ನನಗೇ ಗೊತ್ತಿಲ್ಲ. ಹೊಸಬಳು ಬಂದಿದ್ದಾಳೆ, ಒಳ್ಳೆಯವಳೇ. ಆದ್ರೆ ಅಜ್ಜಿ ಬಾಯಿ ತೆಗೀತಾ ಇಲ್ವಂತೆ. ನಿನ್ನೆಯಿಂದ ಎರಡು ಗುಟುಕು ನೀರು ಅಷ್ಟೇ.”

ಭಾಷಣದಕ್ಕನ ಗಂಡ ಅಡುಗೆಮನೆಯಿಂದ ಲೋಟ ಹಿಡಿದು ಬಂದವನು ಬಾಗಿಲಲ್ಲೇ ನಿಂತ.

“ಏನ್ರೀ ದೊಡ್ಡಕ್ಕ, ಎಲ್ಲಾನೂ ಇವಳೇ ನೋಡಿ ಬಿಡ್ತಾಳಲ್ಲ?”

“ಅದೇ ನಾನೂ ಯೋಚನೆ ಮಾಡಿದ್ದು,” ಎಂದಳು ದೊಡ್ಡಕ್ಕ. ಮತ್ತೆ ಭಾಷಣದಕ್ಕನ ಕಡೆ ತಿರುಗಿ, ತಾನೇ ಸಮಾಧಾನ ಹೇಳುವವಳ ಹಾಗೆ, “ನಿನ್ನ ಕೈಗೇ ಬಂದಿರಲ್ಲ ಬಿಡು. ನಿನ್ನ ದಾಟಿ ಹೋಗಿರತ್ತೆ. ಬಂದಿದ್ರೆ ನೀನು ಬಿಡ್ತಿದ್ಯಾ?” ಎಂದಳು.

ಭಾಷಣದಕ್ಕ “ಹೂಂ” ಎಂದಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ಒಂದು ತೂಕ. ಅವಳು ಮುಂದಕ್ಕೂ ಹೋದಳು. ಯಂತ್ರಗಳು ಹೀಗೆ ಕಣ್ಣು ತಪ್ಪಿಸಿ ನಿರ್ಧಾರ ಮಾಡುವುದು ಎಲ್ಲ ಕಡೆಯೂ ಇದೆ, ದೊಡ್ಡ ದೊಡ್ಡ ವಿದ್ವಾಂಸರು ಇದರ ಬಗ್ಗೆಯೇ ತಲೆ ಕೆಡಿಸಿಕೊಂಡಿದ್ದಾರೆ, ತಪ್ಪು ಯಾರದ್ದು ಎಂದು ಹುಡುಕುವುದೇ ಕಷ್ಟ ಎಂದೆಲ್ಲ ವಿವರಿಸಿದಳು. ದೊಡ್ಡಕ್ಕ ಬಾಯಿ ಬಿಟ್ಟುಕೊಂಡು ಕೇಳಿದಳು. ಗಂಡ ಮಾತ್ರ ಲೋಟವನ್ನು ಮೇಜಿನ ಮೇಲಿಟ್ಟು, ಹೆಂಡತಿಯ ಮುಖ ನೋಡಿ, ಒಳಗೆ ಹೋದ. ಆ ಸಂಜೆ ಅವನು ಮೇಷ್ಟ್ರ ಸುದ್ದಿ ಕೇಳಲಿಲ್ಲ.

ದೊಡ್ಡಕ್ಕ ಹೋದ ಮೇಲೆ ಭಾಷಣದಕ್ಕ ಕಾರಿನಲ್ಲಿ ಕೂತು ಫೋನು ತೆಗೆದಳು. ಸಲಹೆ ಅಲ್ಲೇ ಇತ್ತು. ಒಪ್ಪಿಗೆ ಕೊಟ್ಟವರು ಎಂಬಲ್ಲಿ ಅವಳದೇ ಹೆಸರು. ಇಷ್ಟು ದಿನ ತೆಗೆಯದ ನಕ್ಷೆಯನ್ನು ತೆಗೆದಳು. ದೊಡ್ಡಕ್ಕನ ಗೆರೆ ಅಜ್ಜಿಯ ಕಟ್ಟಡದಿಂದ ಹೊರಟು, ಬೀದಿ ಬದಿಯ ಟೀ ಅಂಗಡಿಗೆ ಹೋಗಿ, ಅಲ್ಲಿಂದ ಮೂಲೆ ತಿರುಗಿ, ಗಂಡಸರ ಕ್ಷೌರದಂಗಡಿಯೊಂದರಲ್ಲಿ ಬಹಳ ಹೊತ್ತು ನಿಂತಿತ್ತು.

ಭಾಷಣದಕ್ಕನಿಗೆ ಮೊದಲು ನಗು ಬಂತು. ಮೊಣಕಾಲು ನೋವಿನ ಮುದುಕಿ ಕ್ಷೌರದ ಕುರ್ಚಿಯಲ್ಲಿ ಬಿಳಿ ಬಟ್ಟೆ ಹೊದ್ದು ಕೂತ ಹಾಗೆ ಕಣ್ಣಿಗೆ ಕಟ್ಟಿತು. ನಗು ಅಲ್ಲಿಗೇ ನಿಂತಿತು. ಕಣ್ಣಿದ್ದ ಯಾರಿಗಾದರೂ ಒಂದು ನೋಟಕ್ಕೆ ಇದು ಸುಳ್ಳೆಂದು ಗೊತ್ತಾಗುತ್ತಿತ್ತು. ಶಾಲೆಯ ಮಗುವಿಗೂ.

ಅಜ್ಜಿಯ ಕಟ್ಟಡದ ವಾಚ್‌ಮನ್ ಗೇಟಿನ ಪಕ್ಕದ ಗೂಡಿನಲ್ಲಿ ರೇಡಿಯೊ ಬಿಚ್ಚಿ ಕೂತಿದ್ದ. ಹೊಸದಾಗಿ ಕೂದಲು ಕತ್ತರಿಸಿಕೊಂಡಿದ್ದ. ನೇರ ಅಲ್ಲಿಗೆ ಬಂದ ಭಾಷಣದಕ್ಕ ದೊಡ್ಡಕ್ಕನ ಫೋನಿನ ವಿಷಯ ಕೇಳಿದಳು.

“ಫೋನಾ ಮೇಡಂ? ನನ್ನ ಹತ್ರ ಇತ್ತು. ಅದು ಗಂಟೆಗೊಂದು ಸಲ ಟಣಟಣ ಅಂತಿತ್ತಲ್ಲ, ಟೀಚರಮ್ಮಂಗೆ ಶಾಲೆ ಗಂಟೆ ಹೊಡೆದ ಹಾಗೆ ಆಗ್ತಿತ್ತು. ಕ್ಲಾಸಿಗೆ ಹೊತ್ತಾಯ್ತು ಅಂತ ಎದ್ದುಬಿಡೋರು. ಮುರಿದ ಸೊಂಟ! ಒಂದು ಸಲ ಮಂಚದಿಂದ ಬಿದ್ದೇ ಬಿಡೋರಿದ್ರು, ದೊಡ್ಡಕ್ಕ ತಡೆದು ಹಿಡ್ಕೊಂಡ್ರು. ಸದ್ದು ಕಮ್ಮಿ ಮಾಡೋಕೆ ಆ್ಯಪು ಬಿಡಲ್ಲ. ಅದಕ್ಕೆ ಫೋನ್ ನೀನೇ ಇಟ್ಕೊಳಪ್ಪ, ಹೊಡೆದಾಗ ಒತ್ತು ಅಂದ್ರು. ನಾನು ಒಂದು ದಿನವೂ ತಪ್ಪಿಸ್ಲಿಲ್ಲ ಮೇಡಂ. ಕಟಿಂಗ್‌ಗೆ ಹೋದಾಗ್ಲೂ ಜೇಬಲ್ಲೇ ಇಟ್ಕೊಂಡು ಹೋಗಿದ್ದೆ.”

ಅವನ ಮುಖದಲ್ಲಿ ಒಪ್ಪಿಕೊಂಡ ಕೆಲಸವನ್ನು ಚಾಚೂ ತಪ್ಪದೆ ಮಾಡಿದವನ ಹೆಮ್ಮೆ ಇತ್ತು.

“ನನ್ನ ಮೇಲೆ ಕರೆಸಿ ಫೋನ್ ಕೊಡೋ ಮುಂಚೆ, ಸೂಪರ್‌ವೈಸರ್‌ಗೆ ಹೇಳ್ಬೇಕು ಅಂತ ದೊಡ್ಡಕ್ಕ ನನ್ನೆದುರೇ ಫೋನ್ ಮಾಡಿದ್ರು. ಎತ್ತಲಿಲ್ವಂತೆ. ಕಾರ್ ಓಡಿಸ್ತಾ ಏನೋ ಕೇಳ್ತಿರ್ತಾಳೆ, ಪಾಪ, ಆಮೇಲೆ ಮಾಡ್ತೀನಿ ಅಂದ್ರು.”

ತಾನೇ ಆ ಸೂಪರ್‌ವೈಸರು ಎಂದು ಭಾಷಣದಕ್ಕ ಹೇಳಲಿಲ್ಲ. ವಾಚ್‌ಮನ್ನಿನ ಎದುರು ತಲೆ ತಗ್ಗಿಸಿ ನಿಲ್ಲುವ ದಿನ ಬರುತ್ತದೆ ಎಂದು ಅವಳು ಎಣಿಸಿರಲಿಲ್ಲ.

ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಮ್ಯಾನೇಜರು ಕ್ಷೌರದಂಗಡಿಯ ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಇದೇನು ದೊಡ್ಡ ವಿಷಯ ಬಿಡಿ ಮೇಡಂ. ಯಂತ್ರದ ದೋಷ ಅಂತ ಹಾಕಿದ್ರೆ ಆಯ್ತು, ಇವತ್ತೇ ವಾಪಸ್ ಕಳಿಸಬಹುದು.”

“ಬೇರೆ ಏನೂ ಹಾಕೋಕಾಗಲ್ವಾ?”

“ಇನ್ನೊಂದಿದೆ. ನೋಡಬೇಕಾದವರು ನೋಡಿಲ್ಲ ಅಂತ. ಅದನ್ನ ಹಾಕಿದ್ರೆ ನೀವು ಒಪ್ಪಿಗೆ ಕೊಟ್ಟಿದ್ದನ್ನೆಲ್ಲ ಮೊದಲಿಂದ ತೆಗೆದು ನೋಡ್ಬೇಕಾಗತ್ತೆ. ನಿಮ್ಮ ಈ ಕೆಲಸಾನೂ ಹೋಗತ್ತೆ. ಯಾಕೆ, ನೀವು ನೋಡಿದ್ರಿ ತಾನೆ?”

ಅವನ ಕಣ್ಣು ಆಗಲೇ ಬೇರೊಂದು ಕಾಗದದ ಮೇಲಿತ್ತು. ಅವಳು ಉತ್ತರ ಕೊಡದಿದ್ದದ್ದನ್ನು ಅವನು ಗಮನಿಸಲಿಲ್ಲ. ‘ಯಂತ್ರದ ದೋಷ’ ಎಂದು ಗುರುತು ಬಿತ್ತು. ಅವಳು ಒಪ್ಪಿಗೆ ಕೊಟ್ಟು ತೆಗೆಸಿದ ಬೇರೆ ಹೆಂಗಸರು ಎಷ್ಟು ಮಂದಿಯೋ. ಅವಳು ಆ ಸಾಲನ್ನು ಒಂದು ಸಲ ಬೆರಳಿನಿಂದ ಮೇಲಕ್ಕೆ ಸರಿಸಿದಳು, ಅದು ಸರಿಯುತ್ತಲೇ ಹೋಯಿತು, ಫೋನು ಮುಚ್ಚಿದಳು.

ದೊಡ್ಡಕ್ಕನನ್ನು ಅಜ್ಜಿಯ ಮನೆಗೆ ಬಿಡಲು ತಾನೇ ಹೋದಳು. ಅಷ್ಟಾದರೂ ಮಾಡಬೇಕು ಎಂದಿತ್ತು. ದೊಡ್ಡಕ್ಕ ಮುಂದಿನ ಸೀಟಿನಲ್ಲಿ ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಮದುವಣಗಿತ್ತಿಯ ಹಾಗೆ ಕೂತಳು.

“ನೀನಿಲ್ಲದೆ ಇದ್ದಿದ್ರೆ ನನ್ನ ಗತಿ ಏನಾಗ್ತಿತ್ತೋ. ಎಲ್ಲರಿಗೂ ಫೋನ್ ಮಾಡಿ ಹೇಳಿದೀನಿ, ನಮ್ಮ ಭಾಷಣದಕ್ಕ ಮಷೀನ್ ಹತ್ರಾನೇ ಜಗಳ ಆಡಿ ಗೆದ್ಲು ಅಂತ.”

“ಹಾಗೆಲ್ಲ ಯಾಕೆ ಹೇಳಕ್ಕೆ ಹೋದೆ.”

“ಇನ್ನೇನು ಹೇಳಲಿ? ಅದಿರ್ಲಿ, ನಿನ್ನ ಮೇಷ್ಟ್ರನ್ನ ಹಾಕು. ನಾನೂ ಕೇಳ್ತೀನಿ, ನಾಲ್ಕಕ್ಷರ ತಲೆಗೆ ಹೋದ್ರೆ ಹೋಗ್ಲಿ.”

ಬೇಡ ಅನ್ನಲು ಕಾರಣ ಹೊಳೆಯಲಿಲ್ಲ. ಹಚ್ಚಿದಳು. ಒಬ್ಬ ವಯಸ್ಸಾದ ಪ್ರಾಧ್ಯಾಪಕನ ನಿಧಾನ ದನಿ. ನಿಯಮಗಳು ಪುಸ್ತಕದಲ್ಲಿದ್ದರೆ ಸಾಲದು, ಅವನ್ನು ಪಾಲಿಸಲು ಪುರುಸೊತ್ತಿರುವ ಮನುಷ್ಯರೂ ಬೇಕು ಎಂದು ಹೇಳುತ್ತಿದ್ದ. ದೊಡ್ಡಕ್ಕ ತಲೆದೂಗಿದಳು. “ಸರಿಯಾಗಿ ಹೇಳ್ತಾನೆ ಮುದುಕ. ಪುರುಸೊತ್ತೇ ಮುಖ್ಯ. ನಾವು ಒಂದು ತುತ್ತು ಉಣಿಸೋಕೆ…”

ಮಾತು ನಿಂತಿತು. ದೊಡ್ಡಕ್ಕನದ್ದಲ್ಲ, ಪ್ರಾಧ್ಯಾಪಕನದು. ಪರದೆಯ ಮೇಲೆ ಒಂದು ಹೆಸರು, ಎರಡು ಗುಂಡಿ. ಎದುರಿನ ಬಸ್ಸು ಹೊರಟಿತ್ತು, ಹಿಂದಿನವನು ಹಾರ್ನು ಹೊಡೆಯುತ್ತಿದ್ದ. ಭಾಷಣದಕ್ಕನ ಹೆಬ್ಬೆರಳು ಹೋಗಿ ಒತ್ತಿ ವಾಪಸ್ ಬಂತು. ಪ್ರಾಧ್ಯಾಪಕ ಬಿಟ್ಟಲ್ಲಿಂದ ಮುಂದುವರಿದ.

“ಏನದು, ಬಂದು ಹೋಯ್ತು?” ಎಂದಳು ದೊಡ್ಡಕ್ಕ.

ಭಾಷಣದಕ್ಕ ಗೇರು ಬದಲಿಸಿದಳು. ಕಿವಿಯ ತುದಿ ಬಿಸಿಯಾದದ್ದು ಅವಳಿಗೇ ತಿಳಿಯುತ್ತಿತ್ತು.

“ಯಾರದೋ ಹೆಸರಿತ್ತಲ್ಲೇ. ಅದು… ನನ್ನದೂ ಹೀಗೇ ಬಂದಿತ್ತಾ?”

ಕಾರು ಒಂದು ಗ್ಯಾರೇಜಿನ ಮುಂದೆ ನಿಂತಿತು. ಭಾಷಣದಕ್ಕ ಉಪನ್ಯಾಸ ಆರಿಸಿದಳು. ಎದುರಿನ ಗಾಜನ್ನೇ ನೋಡುತ್ತ ಹೇಳಿದಳು.

“ಬಂದಿತ್ತು. ನಾನೇ ಒತ್ತಿದ್ದು. ನೋಡ್ಲಿಲ್ಲ ದೊಡ್ಡಕ್ಕ. ಭಾಷಣ ನಿಂತುಹೋಗತ್ತೆ ಅಂತ ನೋಡ್ಲಿಲ್ಲ.”

ಗ್ಯಾರೇಜಿನೊಳಗೆ ಯಾರೋ ಗಾಲಿಯ ನಟ್ಟು ಬಿಗಿಯುತ್ತಿದ್ದರು. ದೊಡ್ಡಕ್ಕ ತೊಡೆಯ ಮೇಲಿನ ಚೀಲದ ಹಿಡಿಕೆಯನ್ನು ಒಂದಕ್ಕೊಂದು ಸುತ್ತಿದಳು, ಬಿಚ್ಚಿದಳು. ಬೈಯಲಿಲ್ಲ. ಬೈದಿದ್ದರೆ ಭಾಷಣದಕ್ಕನಿಗೆ ಉಸಿರಾಡಲು ಸ್ವಲ್ಪ ಜಾಗ ಸಿಗುತ್ತಿತ್ತು.

“ನಿನ್ನೆ ನಿನ್ನ ಮನೇಲಿ ನಾನೇ ನಿನ್ನ ಕೈಗೆ ಬಂದಿರಲ್ಲ ಅಂದೆ. ನೀನು ಹೂಂ ಅಂದೆ.”

“ಹೂಂ.”

“ಈಗ ಒತ್ತಿದ್ಯಲ್ಲ, ಅದು ಯಾರು?”

ಭಾಷಣದಕ್ಕನಿಗೆ ಗೊತ್ತಿರಲಿಲ್ಲ. ಫೋನು ಕೈಗೆ ತೆಗೆದುಕೊಂಡು ನೋಡಬೇಕಾಯಿತು. ಹೊಸ ಬಡಾವಣೆಯ ಒಂದು ಮನೆಗೆ ಹಾಕಿದ್ದ, ಉದ್ದ ಜಡೆಯ ಹೋಂ ನರ್ಸು. ಕಿಡ್ನಿ ಕೆಟ್ಟ ಗಂಡಸೊಬ್ಬನನ್ನು ನೋಡಿಕೊಳ್ಳುವವಳು. ನಕ್ಷೆಯಲ್ಲಿ ಅವಳ ಗೆರೆ ಮನೆಯಿಂದ ಹೊರಟು ಆಸ್ಪತ್ರೆಯಲ್ಲಿ ನಿಂತಿತ್ತು.

“ಡಯಾಲಿಸಿಸ್‌ಗೆ ರೋಗಿನ ಕರ್ಕೊಂಡು ಹೋಗಿದಾಳೆ,” ಎಂದಳು ಭಾಷಣದಕ್ಕ.

“ನಡಿ ಹಾಗಾದ್ರೆ,” ಎಂದಳು ದೊಡ್ಡಕ್ಕ. “ಅಜ್ಜಿ ಮನೆ ಆಮೇಲೆ.”

ಉಳಿದ ದಾರಿಯಲ್ಲಿ ಕಾರಿನೊಳಗೆ ಹಿಂದಿನ ಸೀಟಿನ ವಾಕರು ಗಡಗಡ ಅನ್ನುವುದು ಬಿಟ್ಟರೆ ಸದ್ದಿರಲಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲಿ ನೀಲಿ ಕುರ್ಚಿಗಳ ಸಾಲು. ಜಡೆಯವಳು ಕೊನೆಯ ಕುರ್ಚಿಯಲ್ಲಿ, ರೋಗಿಯ ಶಾಲು, ನೀರಿನ ಬಾಟಲಿ, ಚಪ್ಪಲಿ ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕೈಯಲ್ಲಿ ಫೋನು. ಸಂದೇಶ ಬಂದಾಗಿತ್ತು: ಈ ಮನೆಯಲ್ಲಿ ನಿಮ್ಮ ಕೆಲಸ ಮುಗಿದಿದೆ, ತಕ್ಷಣ ಹೊರಡಿ. ಭಾಷಣದಕ್ಕನನ್ನು ಕಂಡು ಅವಳು ಎದ್ದು ನಿಂತಳು. ಚಪ್ಪಲಿ ಕೆಳಗೆ ಬಿತ್ತು.

“ಅಕ್ಕಾ, ಬಂದ್ರಾ! ನೋಡಿ, ಇದೇನೋ ಬಂದಿದೆ. ಹೊರಡಿ ಅಂತಿದೆ. ಒಳಗೆ ಅವರನ್ನ ಮಷೀನಿಗೆ ಹಾಕಿದಾರೆ, ಮುಗಿಯೋ ಮುಂಚೆ ಹೇಗೆ ಹೊರಡಲಿ? ನಾನೇನು ತಪ್ಪು ಮಾಡ್ದೆ ಅಕ್ಕಾ?”

ಅಕ್ಕಪಕ್ಕದ ಕುರ್ಚಿಯವರು ತಲೆ ಎತ್ತಿದರು. ದೊಡ್ಡಕ್ಕ ಬಗ್ಗಿ ಚಪ್ಪಲಿ ಎತ್ತಿಕೊಟ್ಟಳು. ಹೇಳಬೇಕಾದವಳು ತಾನಲ್ಲ ಎಂಬ ಹಾಗೆ ಪಕ್ಕಕ್ಕೆ ಸರಿದು ನಿಂತಳು.

“ನೀನು ಏನೂ ಮಾಡಿಲ್ಲ,” ಎಂದಳು ಭಾಷಣದಕ್ಕ. “ನಿನ್ನ ಹೆಸರು ನನ್ನ ಕೈಗೆ ಬಂತು. ನಾನು ನೋಡದೆ ಒತ್ತಿಬಿಟ್ಟೆ.”

“ನೋಡದೆ ಅಂದ್ರೆ?”

ಭಾಷಣದಕ್ಕ ಅಲ್ಲೇ ನಿಂತು ಮ್ಯಾನೇಜರಿಗೆ ಫೋನು ಮಾಡಿದಳು. ಜಡೆಯವಳ ವಿಷಯ ಹೇಳಿದಳು. ಆ ಕಡೆಯಿಂದ ಕಾಗದ ಸರಿಸುವ ಸದ್ದು ಬಂತು.

“ಸರಿ ಮೇಡಂ, ತಡೀತೀನಿ. ಇದಕ್ಕೂ ಯಂತ್ರದ ದೋಷ ಅಂತಾನೇ ಹಾಕ್ಲಾ?”

“ಬೇಡ. ನಾನು ನೋಡಿಲ್ಲ ಅಂತ ಹಾಕಿ.”

“ಏನು ಮೇಡಂ, ಕೇಳಿಸ್ಲಿಲ್ಲ.”

ಪಡಸಾಲೆಯಲ್ಲಿ ಗದ್ದಲವಿತ್ತು. ಅವಳು ದನಿ ಎತ್ತಬೇಕಾಯಿತು.

“ನಾನು ನೋಡಿಲ್ಲ ಅಂತ ಹಾಕಿ. ದೊಡ್ಡಕ್ಕಂದೂ ಹಾಗೇ ಬದಲಾಯಿಸಿ.”

“ಹಾಗೆ ಹಾಕಿದ್ರೆ ಎಲ್ಲಾನೂ ತೆಗೀಬೇಕಾಗತ್ತೆ, ಗೊತ್ತಲ್ಲ? ಎಷ್ಟರಲ್ಲಿ ನೋಡಿಲ್ಲ ನೀವು?”

“ಗೊತ್ತಿಲ್ಲ ಸರ್. ಎಲ್ಲಾನೂ ತೆಗೀರಿ. ಆ ಹೆಂಗಸರಿಗೆಲ್ಲ ನಾನೇ ಫೋನ್ ಮಾಡ್ತೀನಿ.”

ಮ್ಯಾನೇಜರು ನಗಲಿಲ್ಲ. ಮಧ್ಯಾಹ್ನ ಆಫೀಸಿಗೆ ಬನ್ನಿ ಎಂದು ಇಟ್ಟುಬಿಟ್ಟ. ಜಡೆಯವಳು ಮತ್ತೆ ಕೂತು, ಶಾಲು ಮಡಚಿ, ಒಳಗಿನ ಬಾಗಿಲನ್ನೇ ನೋಡತೊಡಗಿದಳು. ಭಾಷಣದಕ್ಕನ ಕಡೆ ಮತ್ತೆ ಮುಖ ತಿರುಗಿಸಲಿಲ್ಲ.

ದೊಡ್ಡಕ್ಕ ಬಟ್ಟೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

“ಬಾ, ಬಿಟ್ಟು ಬರ್ತೀನಿ,” ಎಂದಳು ಭಾಷಣದಕ್ಕ.

“ಬೇಡ. ಇಲ್ಲಿಂದ ಬಸ್ಸಿದೆ.”

“ಮೊಣಕಾಲು ನೋವು ನಿನಗೆ.”

“ಇದೆ,” ಎಂದಳು ದೊಡ್ಡಕ್ಕ. “ನೀನು ಆ ಫೋನ್‌ಗಳನ್ನ ಶುರು ಮಾಡು. ತುಂಬಾ ಇರತ್ತೆ.”

ಅವಳು ಗೋಡೆಯ ಕಂಬಿ ಹಿಡಿದುಕೊಂಡು ಮೆಟ್ಟಿಲು ಇಳಿದಳು. ಭಾಷಣದಕ್ಕ ಜಡೆಯವಳಿಂದ ಒಂದು ಕುರ್ಚಿ ಬಿಟ್ಟು ಕೂತಳು. ಕನ್ನಡಕ ಹಾಕಿಕೊಂಡು ಸಾಲನ್ನು ತೆಗೆದಳು. ಮೊದಲ ಹೆಸರಿನವಳಿಗೆ ಫೋನು ಹಚ್ಚಿದಳು. ಆ ಕಡೆ ಎತ್ತಿದವಳು, “ಅಯ್ಯೋ, ಭಾಷಣದಕ್ಕಾ! ನಿಮ್ಮ ಫೋನ್ ಬಂತಲ್ಲ, ಸಾಕು. ನನ್ನನ್ನ ಯಾಕೆ ತೆಗೆದ್ರು ಅಂತ ಏನಾದ್ರೂ ಗೊತ್ತಾಯ್ತಾ?” ಎಂದು ಖುಷಿಯಿಂದ ಕೇಳಿದಳು.